ಒಂದು ವಾರ, ಒಂದು ಗುಣವಾಚಕ: ರಾಯಚೂರಿನ ಇಂಗ್ಲಿಷ್ ತರಗತಿಯೊಂದರಲ್ಲಿ ‘ಡ್ರೈ’

ರಾಯಚೂರಿನ ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿ ಇಂಗ್ಲಿಷ್ ಕಲಿಸುವ ಸಂಜೆ ತರಗತಿಗಳಿಗೆ ಕೊರತೆಯಿಲ್ಲ. ಹೆಚ್ಚಿನವು ಒಂದೇ ಅಚ್ಚಿನವು: ಸ್ವಪರಿಚಯ ಹೇಳುವುದು, ಕಾಲರೂಪಗಳ ಪಟ್ಟಿ, ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆಗಳು, ಕೊನೆಗೊಂದು ಪ್ರಮಾಣಪತ್ರ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ತರಗತಿ ಆ ದಾರಿಯನ್ನು ಬಿಟ್ಟು, ವಾರಕ್ಕೆ ಒಂದೇ ಗುಣವಾಚಕವನ್ನು ಹಿಡಿದು ಅದರ ಅರ್ಥಗಳನ್ನೂ ನುಡಿಗಟ್ಟುಗಳನ್ನೂ ಆದಷ್ಟು ಪೂರ್ತಿಯಾಗಿ ಕಲಿಸುತ್ತದೆ. ‘ಹಾರ್ಡ್’, ‘ಫೇರ್’, ‘ಶಾರ್ಟ್’, ‘ಡ್ರೈ’ ಮುಂತಾದ, ಏಳನೆಯ ಇಯತ್ತೆಯ ಹುಡುಗನಿಗೂ ಗೊತ್ತಿರುವ ಪದಗಳೇ ಇಲ್ಲಿನ ಪಠ್ಯ. ಗೊತ್ತಿರುವ ಪದವನ್ನು ಹಣ ಕೊಟ್ಟು ಏಕೆ ಕಲಿಯಬೇಕು ಎಂಬ ಅನುಮಾನ ಸೇರುವ ಮೊದಲು ಯಾರಿಗಾದರೂ ಬರುವಂಥದ್ದೇ. ‘ಡ್ರೈ’ ಪದದ ವಾರವನ್ನು ಮುಂದಿಟ್ಟುಕೊಂಡು ಈ ಅನುಮಾನಕ್ಕೆ ಉತ್ತರ ಹೇಳಬಹುದು. ತರಗತಿಯ ಬಲ ಮತ್ತು ದೌರ್ಬಲ್ಯ ಎರಡೂ ಆ ವಾರದಲ್ಲಿ ನಿಚ್ಚಳವಾಗಿ ಕಂಡವು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಪಾಠ ನಡೆಯುತ್ತದೆ. ಕಲಿಸುವವರು ನಿವೃತ್ತ ಉಪನ್ಯಾಸಕರು. ಕಲಿಯುವವರಲ್ಲಿ ಗಂಜಿನ ಅಡತಿ ಅಂಗಡಿಗಳ ಗುಮಾಸ್ತರು, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ಗುತ್ತಿಗೆಯ ಮೇಲೆ ಹೋಗುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು, ಹತ್ತಿ ಜಿನ್ನಿಂಗ್ ಮಿಲ್ಲಿನ ಪತ್ರವ್ಯವಹಾರ ನೋಡಿಕೊಳ್ಳುವ ನನ್ನಂಥವರು ಎಲ್ಲರೂ ಇದ್ದಾರೆ. ಪ್ರತಿ ಪದಕ್ಕೂ ಒಂದು ಪುಸ್ತಿಕೆಯನ್ನು ಕೊಡುತ್ತಾರೆ, ಅದಕ್ಕೆ ಬೇರೆ ಹಣ.

‘ಡ್ರೈ’ ಪಾಠ ಆರಂಭವಾದದ್ದು ಪಹಣಿಯಿಂದ. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ‘ಖುಷ್ಕಿ’ ಎಂದು ಬರೆದು, ಇದಕ್ಕೆ ಇಂಗ್ಲಿಷಿನ ಕಂದಾಯ ಕಡತಗಳಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಪಾರಸಿಯ ‘ಖುಷ್ಕ್’ ಎಂದರೆ ಒಣಗಿದ್ದು. ನಮ್ಮ ಕಡತಗಳ ಖುಷ್ಕಿ ಜಮೀನು ಇಂಗ್ಲಿಷಿನಲ್ಲಿ ‘ಡ್ರೈ ಲ್ಯಾಂಡ್’, ತರಿ ಜಮೀನು ‘ವೆಟ್ ಲ್ಯಾಂಡ್’. ಮುಂಗಾರಿನಲ್ಲಿ ಎರೆಹೊಲ ಕಾಲಿಡಲಾಗದಷ್ಟು ಕೆಸರಾಗಿದ್ದರೂ ಪಹಣಿಯಲ್ಲಿ ಅದು ಖುಷ್ಕಿಯೇ. ಏಕೆಂದರೆ ಇಲ್ಲಿ ‘ಡ್ರೈ’ ಎಂಬುದು ಮಣ್ಣಿನಲ್ಲಿ ತೇವವಿದೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ, ನೆಚ್ಚಿಕೊಳ್ಳಬಹುದಾದ ನೀರಾವರಿ ಇಲ್ಲ ಎಂಬುದನ್ನು ಹೇಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಾನ್ವಿಗಳನ್ನು ಭತ್ತದ ಸೀಮೆಯನ್ನಾಗಿ ಮಾಡಿದ್ದನ್ನೂ, ಕಾಲುವೆಯ ಕೊನೆಯಂಚಿನ ಹೊಲಗಳು ನೀರಿಗಾಗಿ ಕಾಯುವುದನ್ನೂ ಕಂಡಿರುವ ಜನರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅಲ್ಲಿಂದ ಪಾಠ ನೇರವಾಗಿ ಮಾರುಕಟ್ಟೆಗೆ ಬಂತು. ಬೆಂಬಲ ಬೆಲೆಯಲ್ಲಿ ಭತ್ತ ಕೊಳ್ಳುವಾಗ ತೇವಾಂಶ ಶೇ 17ನ್ನು ಮೀರಬಾರದು ಎಂಬುದು ನಿಯಮ. ಹತ್ತಿಗೆ ಶೇ 8ರ ತೇವಾಂಶವನ್ನು ಮೂಲವಾಗಿಟ್ಟುಕೊಂಡು, ಶೇ 12ರವರೆಗೆ ಬೆಲೆ ಕಡಿತದೊಂದಿಗೆ ಭಾರತೀಯ ಹತ್ತಿ ನಿಗಮ ಖರೀದಿಸುತ್ತದೆ. ಎಂದರೆ ‘ಡ್ರೈ’ ಎಂದು ಒಪ್ಪಿಕೊಂಡ ಒಂದು ಕ್ವಿಂಟಲ್ ಭತ್ತದಲ್ಲಿ 17 ಕಿಲೋದವರೆಗೆ ನೀರೇ ಇರಬಹುದು. ಪದಕೋಶದಲ್ಲಿ ‘ನೀರಿಲ್ಲದ’ ಎಂದು ಅರ್ಥ ಬರೆದುಕೊಂಡು ಬಂದವರಿಗೆ ಇಲ್ಲಿ ಮೊದಲ ಪೆಟ್ಟು. ನನ್ನ ಪಕ್ಕದ ಗುಮಾಸ್ತರು, ‘ಸರ್, ನಾವು ದಿನಾ ಮೀಟರ್ ಹಿಡದು ನೋಡ್ತೀವಿ, ಪೂರ್ತಿ ಡ್ರೈ ಮಾಲು ಒಂದ್ ದಿನಾನೂ ಬಂದಿಲ್ರಿ’ ಎಂದದ್ದು ಪುಸ್ತಿಕೆಯ ಮೊದಲ ಪುಟಕ್ಕಿಂತ ಉತ್ತಮ ವಿವರಣೆಯಾಗಿತ್ತು.

ಶಕ್ತಿನಗರದಿಂದ ಬರುವ ಸಹಪಾಠಿಯೊಬ್ಬರು ಇದಕ್ಕೆ ‘ಡ್ರೈ ಆಶ್’ ಸೇರಿಸಿದರು. ಕಲ್ಲಿದ್ದಲು ಉರಿದ ಮೇಲೆ ಹೊಗೆಯಿಂದ ಬೇರ್ಪಡಿಸಿದ ಹಾರುಬೂದಿಯನ್ನು ನೀರು ಬೆರೆಸದೆ ಸಂಗ್ರಹಿಸಿದರೆ ಅದು ಬಲ್ಕರ್ ಲಾರಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುತ್ತದೆ. ನೀರು ಬೆರೆಸಿ ಕೊಳವೆಗಳಲ್ಲಿ ಹರಿಸಿದರೆ ಬೂದಿಹೊಂಡ ಸೇರುತ್ತದೆ. ಎರಡೂ ಒಂದೇ ಬೂದಿ, ಗುಣವಾಚಕ ಬದಲಾದೊಡನೆ ಬಳಕೆ ಬದಲಾಗುತ್ತದೆ. ಕಲಿಯುವವರ ಕಸುಬಿನಿಂದ ಉದಾಹರಣೆ ಹೊರಡಿಸುವ ಈ ಕ್ರಮ ತರಗತಿಯ ಮುಖ್ಯ ಗುಣ, ಮತ್ತು ಇದು ಮೇಷ್ಟ್ರ ಗುಣವೇ ಹೊರತು ಸಂಸ್ಥೆಯ ಗುಣವಲ್ಲ ಎಂದು ನನ್ನ ಅಂದಾಜು.

ಎರಡನೆಯ ದಿನದ ಪಾಠವೇ ಈ ವಾರದ ತಿರುಳು. ‘ಡ್ರೈ’ ಎಂದು ಕಂಡಲ್ಲೆಲ್ಲ ‘ಇಲ್ಲಿ ಏನು ಇರಬೇಕಾಗಿತ್ತು, ಯಾವುದು ಇಲ್ಲ?’ ಎಂದು ಕೇಳಿಕೊಳ್ಳಿ ಎಂಬುದು ಮೇಷ್ಟ್ರು ಕೊಟ್ಟ ಕೀಲಿಕೈ. ಬಟ್ಟೆಯ ‘ಡ್ರೈ ಕ್ಲೀನಿಂಗ್’ನಲ್ಲಿ ಬಟ್ಟೆ ದ್ರವದಲ್ಲಿ ನೆನೆಯುತ್ತದೆ, ಆದರೆ ಆ ದ್ರವ ರಾಸಾಯನಿಕ ದ್ರಾವಕ, ಅಲ್ಲಿ ಇಲ್ಲದಿರುವುದು ನೀರು ಮಾತ್ರ. ‘ಡ್ರೈ ಸೆಲ್’ ಒಳಗೂ ತೇವವಿದೆ. ಜರ್ಮನಿಯ ಕಾರ್ಲ್ ಗಾಸ್ನರ್ 1886ರಲ್ಲಿ ಪೇಟೆಂಟ್ ಪಡೆದ ಕೋಶದಲ್ಲಿ ಚೆಲ್ಲುವ ದ್ರವದ ಬದಲು ಲೇಹದಂಥ ಪದಾರ್ಥವಿತ್ತು, ಹಾಗಾಗಿ ಅದು ‘ಡ್ರೈ’. ‘ಡ್ರೈ ಐಸ್’ ಎಂಬುದು ನೀರಿನ ಮಂಜುಗಡ್ಡೆಯೇ ಅಲ್ಲ, ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಹರಿಯದೆ ನೇರವಾಗಿ ಅನಿಲವಾಗುತ್ತದೆ. ಕಟ್ಟಿಗೆಗೆ ಹಿಡಿಯುವ ‘ಡ್ರೈ ರಾಟ್’ ಎಂಬ ಶಿಲೀಂಧ್ರದ ಕಥೆ ಇನ್ನೂ ವಿಚಿತ್ರ: ಅದು ಬೆಳೆಯಲು ತೇವ ಬೇಕೇ ಬೇಕು, ಅದು ತಿಂದು ಬಿಟ್ಟ ಮರ ಮಾತ್ರ ಒಣಗಿ ಪುಡಿಪುಡಿಯಾಗುತ್ತದೆ. ಅದರ ವೈಜ್ಞಾನಿಕ ಹೆಸರಿನ ಎರಡನೆಯ ಭಾಗಕ್ಕೆ ‘ಕಣ್ಣೀರಿಡುವ’ ಎಂದು ಅರ್ಥ.

ಈ ಕೀಲಿಕೈಯನ್ನು ಹಿಡಿದು ಮುಂದೆ ಹೋದರೆ, ಪಟ್ಟಿ ಮಾಡಿ ಬಾಯಿಪಾಠ ಮಾಡಬೇಕಾದ ಎಷ್ಟೋ ಅರ್ಥಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ‘ಡ್ರೈ ಟೋಸ್ಟ್’ನಲ್ಲಿ ಬೆಣ್ಣೆಯಿಲ್ಲ. ‘ಡ್ರೈ ಕಾಫ್’ನಲ್ಲಿ ಕಫವಿಲ್ಲ, ಅದು ನಮ್ಮ ಒಣಕೆಮ್ಮೇ. ‘ಡ್ರೈ ವೈನ್’ನಲ್ಲಿ ಸಿಹಿಯಿಲ್ಲ, ಏಕೆಂದರೆ ದ್ರಾಕ್ಷಿಯ ಸಕ್ಕರೆಯೆಲ್ಲ ಬಹುಮಟ್ಟಿಗೆ ಹುದುಗಿ ಹೋಗಿರುತ್ತದೆ. ವಿಮಾನಯಾನದ ‘ಡ್ರೈ ಲೀಸ್’ನಲ್ಲಿ ಬಾಡಿಗೆಗೆ ಬರುವುದು ಬರಿಯ ವಿಮಾನ, ಸಿಬ್ಬಂದಿ ಜೊತೆಗೆ ಬಂದರೆ ಅದು ‘ವೆಟ್ ಲೀಸ್’. ‘ಡ್ರೈ ರನ್’ ಎಂದರೆ ನಿಜವಾದ ವಸ್ತುವಿಲ್ಲದೆ ನಡೆಸುವ ತಾಲೀಮು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಯ ‘ಡ್ರೈ ರನ್’ ದೇಶದಾದ್ಯಂತ ನಡೆದಾಗ ಆಸ್ಪತ್ರೆಗಳಲ್ಲಿ ಸರದಿ, ನೋಂದಣಿ, ಕಾಯುವ ಕೋಣೆ ಎಲ್ಲವೂ ಇದ್ದವು, ಲಸಿಕೆಯೊಂದನ್ನು ಬಿಟ್ಟು. ಪತ್ರಿಕೆಗಳಲ್ಲಿ ಆಗ ದಿನವೂ ಈ ಪದವನ್ನು ಓದಿದವರೂ ‘ಡ್ರೈ’ ಅಲ್ಲೇಕೆ ಬಂತೆಂದು ಯೋಚಿಸಿರಲಿಕ್ಕಿಲ್ಲ, ನಾನಂತೂ ಯೋಚಿಸಿರಲಿಲ್ಲ.

‘ಡ್ರೈ ಡೇ’ಯ ವಿಷಯ ಬಂದಾಗ ತರಗತಿ ಸಹಜವಾಗಿಯೇ ಲವಲವಿಕೆ ಪಡೆಯಿತು. ಮೇಷ್ಟ್ರು ಮುಜುಗರಪಡದೆ ಕಾನೂನಿನ ಮಾತು ಹೇಳಿದರು: 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 135ಸಿ ಸೆಕ್ಷನ್ ಪ್ರಕಾರ ಮತದಾನ ಮುಗಿಯುವ ಸಮಯಕ್ಕೆ ಹಿಂದಿನ 48 ಗಂಟೆಗಳಲ್ಲಿ ಆ ಮತಕ್ಷೇತ್ರದಲ್ಲಿ ಮದ್ಯ ಮಾರುವಂತಿಲ್ಲ, ಹಂಚುವಂತಿಲ್ಲ. ಗುಜರಾತ್ ಮತ್ತು 2016ರಿಂದ ಬಿಹಾರ ‘ಡ್ರೈ ಸ್ಟೇಟ್’ಗಳು ಎಂದರೆ ಅಲ್ಲಿ ಮಳೆ ಇಲ್ಲವೆಂದಲ್ಲ. ಬ್ರಿಟನ್ನಿನ ರಾಜಕಾರಣದಲ್ಲಿ 1980ರ ದಶಕದಲ್ಲಿ ಕನ್ಸರ್ವೇಟಿವ್ ಪಕ್ಷದೊಳಗೆ ಥ್ಯಾಚರ್ ಅವರ ಆರ್ಥಿಕ ಬಿಗಿಯನ್ನು ಬೆಂಬಲಿಸಿದವರನ್ನು ‘ಡ್ರೈ’ ಎಂದೂ, ಅಳುಕಿದವರನ್ನು ‘ವೆಟ್’ ಎಂದೂ ಕರೆದ ಸಂಗತಿಯನ್ನು ಹೇಳಿ ಮುಗಿಸಿದರು. ಇಷ್ಟು ಸಾಕಿತ್ತು, ಅದರ ಹಿನ್ನೆಲೆ ವಿವರಿಸಲು ಹೋಗದೆ ಇದ್ದದ್ದು ಒಳ್ಳೆಯದಾಯಿತು.

ವಿರುದ್ಧಪದಗಳ ಪಾಠ ನನಗೆ ವೈಯಕ್ತಿಕವಾಗಿ ಹೆಚ್ಚು ಹಿಡಿಸಿತು. ಶಾಲೆಯಲ್ಲಿ ಪ್ರತಿ ಪದಕ್ಕೂ ಒಂದೇ ವಿರುದ್ಧಪದ ಬರೆದು ಅಂಕ ಪಡೆದವರು ನಾವು. ಆದರೆ ‘ಡ್ರೈ’ ಬಟ್ಟೆಯ ವಿರುದ್ಧ ‘ವೆಟ್’, ‘ಡ್ರೈ’ ವೈನಿನ ವಿರುದ್ಧ ‘ಸ್ವೀಟ್’, ‘ಡ್ರೈ’ ಮೆಣಸಿನಕಾಯಿಯ ವಿರುದ್ಧ ‘ಗ್ರೀನ್’ ಅಥವಾ ‘ಫ್ರೆಶ್’. ನಮ್ಮ ಖಾನಾವಳಿಗಳಲ್ಲಿ ಗೋಬಿ ಮಂಚೂರಿ ‘ಡ್ರೈ’ಯ ವಿರುದ್ಧ ‘ಗ್ರೇವಿ’. ಕನ್ನಡದ ‘ಹಸಿ’ಯೂ ಹೀಗೆಯೇ ಹರಡಿಕೊಂಡಿದೆ: ಹಸಿ ಗೋಡೆಯ ಹಸಿ, ಹಸಿ ಮೆಣಸಿನಕಾಯಿಯ ಹಸಿ, ಹಸಿ ಸುಳ್ಳಿನ ಹಸಿ ಮೂರೂ ಒಂದಲ್ಲ. ಈ ಹಂತದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಯೊಬ್ಬರು ‘ಡ್ರೈ ಜಾಮೂನ್’ ಯಾವ ಗುಂಪಿಗೆ ಸೇರಬೇಕೆಂದು ಕೇಳಿದರು. ಪಾಕದಲ್ಲಿ ನೆನೆದೇ ಹೊರಬರುವ, ಒಳಗೆಲ್ಲ ರಸವಿರುವ, ಮೇಲೆ ಸಕ್ಕರೆ ಮೆತ್ತಿದ ಆ ತಿನಿಸಿನಲ್ಲಿ ಇಲ್ಲದ್ದು ಬಟ್ಟಲಿನ ಪಾಕ ಮಾತ್ರ; ಕೈಗೆ ಅಂಟದೆ ಪೊಟ್ಟಣದಲ್ಲಿ ಒಯ್ಯಬಹುದು, ಆದ್ದರಿಂದ ‘ಡ್ರೈ’.

ಇನ್ನು ‘ಡ್ರೈ ಹ್ಯೂಮರ್’. ಕನ್ನಡದವರು ಎಡವುವ ಜಾಗ ಇದೇ, ತರಗತಿ ತನ್ನ ಶುಲ್ಕವನ್ನು ಸಮರ್ಥಿಸಿಕೊಂಡದ್ದೂ ಇಲ್ಲಿಯೇ. ಕನ್ನಡದಲ್ಲಿ ‘ಒಣ’ ಎಂಬುದನ್ನು ವಸ್ತುವಿನಿಂದ ಮಾತಿಗೆ ಎಳೆದೊಡನೆ ಅದು ಬೈಗುಳವಾಗುತ್ತದೆ: ಒಣ ಜಂಬ, ಒಣ ಹರಟೆ, ಒಣ ವೇದಾಂತ, ಒಣ ಉಪದೇಶ, ಒಣ ಪ್ರತಿಷ್ಠೆ. ಎಲ್ಲದರಲ್ಲೂ ಒಳಗೆ ಸತ್ವವಿಲ್ಲ ಎಂಬ ಆಕ್ಷೇಪಣೆಯಿದೆ. ಹೀಗಿರುವಾಗ ‘ಆತನದು ಡ್ರೈ ಹ್ಯೂಮರ್’ ಎಂದು ಇಂಗ್ಲಿಷಿನಲ್ಲಿ ಹೊಗಳಿದರೆ ನಮ್ಮ ಕಿವಿಗೆ ಅದು ಬೈದಂತೆ ಕೇಳಿಸುತ್ತದೆ. ‘ಸರ್, ಒಣ ಅಂದ ಮ್ಯಾಲೆ ಅದು ಛಲೋ ಹೆಂಗ್ ಆಗ್ತದ್ರಿ?’ ಎಂದು ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ನಮ್ಮೆಲ್ಲರದೂ ಆಗಿತ್ತು. ಮೇಷ್ಟ್ರು ಮತ್ತೆ ಅದೇ ಕೀಲಿಕೈಯನ್ನು ಹಚ್ಚಿದರು. ಇಲ್ಲಿ ಇಲ್ಲದ್ದು ನಗೆಯ ಸತ್ವವಲ್ಲ, ನಗಿಸುವವನ ಮುಖದ ಮೇಲಿನ ನಗೆ. ಮಾತು ಗಂಭೀರ, ದನಿ ಸಮತಟ್ಟು, ಹೇಳುವವನಿಗೆ ತಾನು ತಮಾಷೆ ಮಾಡುತ್ತಿದ್ದೇನೆಂಬ ಸುಳಿವೂ ಇಲ್ಲದಂಥ ಭಾವ. ನಗೆ ಕೇಳುವವನಲ್ಲಿ ತಡವಾಗಿ ಹುಟ್ಟುತ್ತದೆ. ಕಾಲುವೆಗೆ ನೀರು ಬಿಡುವ ದಿನವನ್ನು ಮತ್ತೆ ಮುಂದೂಡಿದ ಸುದ್ದಿ ಕೇಳಿ, ನಮ್ಮೂರಿನ ಹಿರಿಯ ರೈತರೊಬ್ಬರು ತಂಬಾಕು ತಿಕ್ಕುತ್ತಾ, ‘ಅವಸರ ಏನೈತಿ, ನೆಲ ಎಲ್ಲಿಗಿ ಓಡಿ ಹೋಗ್ತದ’ ಎಂದು ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರೆ, ಅದು ಅಪ್ಪಟ ‘ಡ್ರೈ’. ಗುಣ ನಮ್ಮಲ್ಲಿ ಹೇರಳವಾಗಿದೆ, ಅದಕ್ಕೆ ‘ಒಣ’ ಎಂಬ ಪದವನ್ನು ನಾವು ಬಳಸುವುದಿಲ್ಲ, ಅಷ್ಟೇ. ಹಾಗೆಂದು ಇಂಗ್ಲಿಷಿನಲ್ಲೂ ‘ಡ್ರೈ’ ಸದಾ ಹೊಗಳಿಕೆಯಲ್ಲ. ‘ಡ್ರೈ ಲೆಕ್ಚರ್’, ‘ಡ್ರೈ ರಿಪೋರ್ಟ್’ ಎಂದರೆ ನೀರಸವೇ. ಹಾಸ್ಯಕ್ಕೆ ಹಚ್ಚಿದರೆ ಸಂಯಮ, ಭಾಷಣಕ್ಕೆ ಹಚ್ಚಿದರೆ ನೀರಸ ಎಂಬ ಈ ಭೇದವನ್ನು ನಾನು ನೋಡಿದ ಯಾವ ಕಿರುನಿಘಂಟೂ ಎತ್ತಿ ತೋರಿಸಿಲ್ಲ.

ನುಡಿಗಟ್ಟುಗಳಿಗೆ ಮೀಸಲಿಟ್ಟ ದಿನ ಏರುಪೇರಾಗಿತ್ತು. ‘ಕೀಪ್ ಯುವರ್ ಪೌಡರ್ ಡ್ರೈ’ ಎಂಬುದನ್ನು ಚೆನ್ನಾಗಿ ಕಲಿಸಿದರು. ದೇವರನ್ನು ನಂಬಿರಿ, ಜೊತೆಗೆ ಮದ್ದಿನ ಪುಡಿಯನ್ನೂ ಒಣಗಿಸಿಟ್ಟುಕೊಳ್ಳಿರಿ ಎಂದು ಆಲಿವರ್ ಕ್ರಾಮ್‌ವೆಲ್ ತನ್ನ ಸೈನಿಕರಿಗೆ ಹೇಳಿದನೆಂಬುದು ಪ್ರತೀತಿ. ಅದು 1834ರ ಐರಿಷ್ ಕವಿತೆಯೊಂದರ ಮೂಲಕ ಜನರ ಬಾಯಿಗೆ ಬಂದ ಮಾತು. ಈಗ ಅದರ ಅರ್ಥ, ತಕ್ಷಣ ಎರಗದೆ ಸಿದ್ಧವಾಗಿ ಕಾಯುವುದು ಎಂದು. ನಮ್ಮ ಊರಿನ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೆದದ್ದು ಮೇ ತಿಂಗಳ ಬಿಸಿಲಿನಲ್ಲಿ, ಶಾಹನ ಪಡೆಯಲ್ಲಿ ದೊಡ್ಡ ಫಿರಂಗಿ ಬಲವಿತ್ತು, ಕೋಟೆಯ ಮುತ್ತಿಗೆಯಲ್ಲಿ ವಿಜಯನಗರದ ಪರವಾಗಿ ಪೋರ್ಚುಗೀಸ್ ಬಂದೂಕುಧಾರಿಗಳಿದ್ದರು. ಮದ್ದು ಒಣಗಿಸುವ ಚಿಂತೆ ಯಾವ ಪಕ್ಷಕ್ಕೂ ಇದ್ದಿರಲಾರದು ಎಂದು ಮೇಷ್ಟ್ರು ಹೇಳಿದಾಗ ಅವರ ಮುಖದಲ್ಲೂ ನಗೆಯಿರಲಿಲ್ಲ.

‘ಹೈ ಆ್ಯಂಡ್ ಡ್ರೈ’ ಕೂಡ ಅಷ್ಟೇ ಚೆಂದ ಬಂತು. ಭರತದ ನೀರು ಇಳಿದು ದಂಡೆಯ ಮೇಲೆಯೇ ಉಳಿದ ಹಡಗು, ಅಲ್ಲಿಂದ ನಡುನೀರಿನಲ್ಲಿ ಕೈಬಿಟ್ಟ ಮನುಷ್ಯ ಎಂಬ ಅರ್ಥ. ಕನ್ನಡದಲ್ಲಿ ನಾವು ಆಸರೆಯಿಲ್ಲದವನನ್ನು ನೀರಿನ ನಡುವೆ ಬಿಡುತ್ತೇವೆ, ಇಂಗ್ಲಿಷಿನವರು ನೀರಿಲ್ಲದ ಕಡೆ ಬಿಡುತ್ತಾರೆ. ‘ವೆಟ್ ಬಿಹೈಂಡ್ ದಿ ಇಯರ್ಸ್’ ಎಂಬುದರ ಮೂಲದಲ್ಲಿ ಆಗತಾನೆ ಹುಟ್ಟಿ ಕಿವಿಯ ಹಿಂದೆ ಇನ್ನೂ ಒಣಗದ ಕೂಸಿನ ಚಿತ್ರವಿದೆ. ಜರ್ಮನ್ ಭಾಷೆಯಲ್ಲಿ ಅದನ್ನು ‘ಕಿವಿಯ ಹಿಂದೆ ಇನ್ನೂ ಒಣಗಿಲ್ಲ’ ಎಂದೇ ಹೇಳುತ್ತಾರೆ. ನಮ್ಮ ‘ಹಾಲುಗಲ್ಲದ ಹುಡುಗ’ ಅದಕ್ಕೆ ಸರಿಯಾದ ಜೊತೆ. ಆದರೆ ‘ನಾಟ್ ಎ ಡ್ರೈ ಐ ಇನ್ ದಿ ಹೌಸ್’ ಎಂಬುದನ್ನು ಒಂದು ಸಾಲಿನಲ್ಲಿ ದಾಟಿಸಿದರು, ಅಲ್ಲಿನ ‘ಹೌಸ್’ ಮನೆಯಲ್ಲ, ನಾಟಕಶಾಲೆಯ ಪ್ರೇಕ್ಷಕವರ್ಗ ಎಂದು ಹೇಳಲೇ ಇಲ್ಲ. ಬಯಲಾಟ, ಕಂಪನಿ ನಾಟಕಗಳ ಸೀಮೆಯಲ್ಲಿ ಇದನ್ನು ಬಿಟ್ಟದ್ದು ಸರಿಯಲ್ಲ. ‘ಹ್ಯಾಂಗ್ ಔಟ್ ಟು ಡ್ರೈ’, ‘ವಾಚಿಂಗ್ ಪೇಂಟ್ ಡ್ರೈ’ ಎಂಬ ನುಡಿಗಟ್ಟುಗಳನ್ನೂ ಇದೇ ಪಟ್ಟಿಗೆ ತುರುಕಲಾಗಿದೆ. ಅವುಗಳಲ್ಲಿ ‘ಡ್ರೈ’ ಕ್ರಿಯಾಪದ. ಗುಣವಾಚಕವನ್ನೇ ಕಲಿಸುತ್ತೇವೆಂದು ಹೊರಟವರು ಕನಿಷ್ಠ ಒಂದು ನಕ್ಷತ್ರ ಚಿಹ್ನೆಯನ್ನಾದರೂ ಹಾಕಬಹುದಿತ್ತು.

ಪುಸ್ತಿಕೆಯ ಬಗ್ಗೆ ನನ್ನ ದೂರು ಇಲ್ಲಿಗೇ ನಿಲ್ಲುವುದಿಲ್ಲ. ತರಗತಿಯಲ್ಲಿ ಸಿಗುವ ವಿವೇಚನೆ ಅಚ್ಚಿನಲ್ಲಿ ಇಲ್ಲವೇ ಇಲ್ಲ. ಎಡಗಡೆ ಇಂಗ್ಲಿಷ್, ಬಲಗಡೆ ‘ಒಣ’, ‘ಶುಷ್ಕ’, ‘ನೀರಸ’ ಎಂಬ ಮೂರು ಪದಗಳನ್ನೇ ತಿರುಗಿಸಿ ಮುರುಗಿಸಿ ಹಚ್ಚಲಾಗಿದೆ. ‘ಡ್ರೈ ಕೌ’ಗೆ ‘ಗೊಡ್ಡಾಕಳು’ ಎಂದು ಬರೆದಿರುವುದು ತಪ್ಪೇ ಸರಿ. ಹೈನುಗಾರಿಕೆಯಲ್ಲಿ ‘ಡ್ರೈ ಕೌ’ ಎಂದರೆ ಗಬ್ಬವಾಗಿದ್ದು, ಕರು ಹಾಕುವ ಮೊದಲು ಸುಮಾರು 60 ದಿನ ಹಾಲು ಕರೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಬಿಟ್ಟ ಹಸು. ಗೊಡ್ಡು ಎಂದರೆ ಗಬ್ಬ ನಿಲ್ಲದ್ದು. ಎರಡನ್ನು ಒಂದು ಮಾಡಿದರೆ ಸಾಲದ ಅರ್ಜಿಯಲ್ಲೋ ವಿಮೆಯ ಕಾಗದದಲ್ಲೋ ಬೆಲೆಬಾಳುವ ಹಸುವನ್ನು ನಿರುಪಯೋಗಿ ಎಂದು ಬರೆದಂತಾಗುತ್ತದೆ. ‘ಡ್ರೈ ಫ್ರೂಟ್ಸ್’ ಎಂಬಲ್ಲಿಯೂ ಎಚ್ಚರಿಕೆ ಬೇಕಿತ್ತು. ನಮ್ಮಲ್ಲಿ ಆ ಮಾತಿಗೆ ಬದಾಮಿ, ಗೋಡಂಬಿ, ಪಿಸ್ತಾ, ಒಣದ್ರಾಕ್ಷಿ, ಉತ್ತತ್ತಿ ಎಲ್ಲವೂ ಸೇರುತ್ತವೆ. ಬ್ರಿಟನ್ನಿನವರ ‘ಡ್ರೈಡ್ ಫ್ರೂಟ್’ನಲ್ಲಿ ದ್ರಾಕ್ಷಿ ಇರುತ್ತದೆ, ಬದಾಮಿ ಇರುವುದಿಲ್ಲ. ಭಾರತದ ಇಂಗ್ಲಿಷ್ ತಪ್ಪೆಂದು ನಾನು ಹೇಳುತ್ತಿಲ್ಲ, ಹೊರದೇಶದ ಖರೀದಿದಾರರಿಗೆ ಪತ್ರ ಬರೆಯುವವರಿಗೆ ಈ ಭೇದ ಗೊತ್ತಿರಬೇಕು. ‘ಹೆಚ್ಚು ಒಣಗಿದ’ ಎಂಬರ್ಥದ ರೂಪವನ್ನು ‘ಐ’ ಅಕ್ಷರದಿಂದ, ಒಣಗಿಸುವ ಯಂತ್ರದ ಹೆಸರನ್ನು ಸಾಮಾನ್ಯವಾಗಿ ‘ವೈ’ ಅಕ್ಷರದಿಂದ ಬರೆಯುತ್ತಾರೆ ಎಂಬ ಸಣ್ಣ ಸಂಗತಿಯನ್ನು ಪುಸ್ತಿಕೆ ಎರಡು ಕಡೆ ಎರಡು ರೀತಿ ಅಚ್ಚು ಹಾಕಿ ಗೊಂದಲ ಮಾಡಿದೆ.

ಅದಕ್ಕಿಂತ ದೊಡ್ಡ ಕೊರತೆ ಮಾತಿನ ಅಭ್ಯಾಸದ್ದು. ಅರ್ಥ ಕೇಳಿ ತಲೆದೂಗುವುದು ಬೇರೆ, ಬಾಯಿಂದ ಸರಿಯಾದ ಜಾಗದಲ್ಲಿ ಹೊರಡಿಸುವುದು ಬೇರೆ. ಶುಕ್ರವಾರದ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವುದೊಂದೇ ಕೆಲಸ, ಮತ್ತು ತುಂಬಬೇಕಾದ ಪದ ಆ ವಾರದ ಪದವೇ ಎಂಬುದು ಮೊದಲೇ ಗೊತ್ತಿರುವುದರಿಂದ ಅದು ಪರೀಕ್ಷೆಯೂ ಅಲ್ಲ. ಹಿಂದಿನ ವಾರಗಳ ಪದಗಳನ್ನು ಬೆರೆಸಿ ಕೊಟ್ಟರೆ, ಅಥವಾ ಪ್ರತಿಯೊಬ್ಬರೂ ತಮ್ಮ ಕಸುಬಿನ ಒಂದು ಸಂಗತಿಯನ್ನು ಆ ಗುಣವಾಚಕದೊಂದಿಗೆ ಎದ್ದುನಿಂತು ಹೇಳಬೇಕೆಂದು ಮಾಡಿದರೆ, ಇದೇ ಶುಲ್ಕಕ್ಕೆ ಎರಡರಷ್ಟು ಲಾಭವಾದೀತು. ಕೋಣೆ ತಗಡಿನ ಚಾವಣಿಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆಯಾದರೂ ಕಾವು ಇಳಿಯುವುದಿಲ್ಲ. ಪಾಠ ಮುಗಿಯುವ ಹೊತ್ತಿಗೆ ಹಳ್ಳಿಗಳ ಕಡೆಯ ಬಸ್ಸುಗಳು ವಿರಳವಾಗುವುದರಿಂದ ಹೊರಗಿನಿಂದ ಬರುವ ಹೆಣ್ಣುಮಕ್ಕಳು ಅರ್ಧಕ್ಕೇ ಎದ್ದು ಹೋಗುತ್ತಾರೆ. ಬೆಳಗಿನ ತಂಡವೊಂದನ್ನು ತೆರೆಯಬೇಕೆಂಬ ಕೋರಿಕೆಗೆ ಇನ್ನೂ ಉತ್ತರ ಬಂದಿಲ್ಲ.

ವ್ಯಾಕರಣದ ಅಡಿಪಾಯ ಬೇಕಾದವರು, ಒಂದು ವಾಕ್ಯವನ್ನು ತಪ್ಪಿಲ್ಲದೆ ಕಟ್ಟಲು ಇನ್ನೂ ಹೆಣಗುತ್ತಿರುವವರು ಇಲ್ಲಿಗೆ ಬರಬಾರದು. ಅವರಿಗೆ ಬೇರೆ ತರಗತಿಗಳೇ ಸೂಕ್ತ. ಇಂಗ್ಲಿಷ್ ಪತ್ರಿಕೆಯನ್ನು ಓದಿ ಮುಕ್ಕಾಲು ಅರ್ಥವಾಗಿ, ಉಳಿದ ಕಾಲುಭಾಗ ಸಣ್ಣ ಸಣ್ಣ ಪದಗಳಲ್ಲೇ ಜಾರಿಹೋಗುತ್ತಿದೆ ಎನ್ನಿಸುವವರಿಗೆ, ವ್ಯವಹಾರದ ಪತ್ರ ಬರೆಯುವವರಿಗೆ, ಅನುವಾದಕ್ಕೆ ಕೈಹಾಕುವವರಿಗೆ ಇದು ಹಣಕ್ಕೆ ತಕ್ಕ ತರಗತಿ. ಸೇರುವವರು ಪುಸ್ತಿಕೆಯನ್ನು ಕೊಳ್ಳದೆ ಒಂದು ನೋಟ್‌ಬುಕ್ ಒಯ್ದು ಮೇಷ್ಟ್ರು ಹಲಗೆಯ ಮೇಲೆ ಬರೆದದ್ದನ್ನೂ ಸಹಪಾಠಿಗಳು ಹೇಳಿದ್ದನ್ನೂ ಬರೆದುಕೊಳ್ಳುವುದು ಲೇಸು. ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಕಟ್ಟಬಹುದು, ಮೂರು ತಿಂಗಳದ್ದನ್ನು ಒಟ್ಟಿಗೆ ಕಟ್ಟಿರೆಂದು ಕಚೇರಿಯವರು ಒತ್ತಾಯಿಸಿದರೂ ಒಪ್ಪಬೇಕಾಗಿಲ್ಲ, ಮತ್ತು ಮೊದಲ ದಿನದ ಪಾಠವನ್ನು ಶುಲ್ಕವಿಲ್ಲದೆ ಕೇಳಲು ಬಿಡುತ್ತಾರೆ.